ಜಗಲಿಯ ಮೇಲಿನ ತುಪ್ಪದನ್ನ

ಸೊಸೆ ದಿನೇ ದಿನೇ ಕಡ್ಡಿಯಾಗುತ್ತಿದ್ದಳು. ಅತ್ತೆ ಹೊಟ್ಟೆಗೆ ಹಾಕುವುದಿಲ್ಲವೆಂದು ಬೀದಿಯೆಲ್ಲ ಗುಸುಗುಸು. ಪುಟ್ಟತಾಯಮ್ಮನಿಗೆ ತಲೆ ಎತ್ತಿ ಓಡಾಡುವುದೇ ಕಷ್ಟವಾಯಿತು. ಸೊಸೆಯನ್ನು ಜಗಲಿಯ ಮೇಲೆ ಕೂರಿಸಿ, ಎಲ್ಲರಿಗೂ ಕಾಣುವಂತೆ ಅನ್ನಕ್ಕೆ ತುಪ್ಪ ಸುರಿದು ಉಣಿಸತೊಡಗಿದಳು. ಸೊಸೆ ಭೇದಿ ಹೆಚ್ಚಾಗಿ ಇನ್ನಷ್ಟು ಇಳಿದುಹೋದಳು.

ಮಲಪರೀಕ್ಷೆಯ ವರದಿ ನೋಡಿದ ಡಾಕ್ಟರು, “ಮೇದೋಜೀರಕ ಗ್ರಂಥಿಯ ರಸ ಸಾಲ್ತಿಲ್ಲ. ತಿಂದ ಜಿಡ್ಡೆಲ್ಲ ಜೀರ್ಣವಾಗದೆ ಹಾಗೇ ಹೋಗ್ತಿದೆ. ಇನ್ಮೇಲೆ ಊಟದ ಜೊತೇಲೇ ಈ ಕ್ಯಾಪ್ಸೂಲ್ ನುಂಗಬೇಕು,” ಎಂದರು.

“ಸೌಟುಗಟ್ಲೆ ತುಪ್ಪ ಹಾಕಿದೀನಿ ಸಾರ್!”

“ಭೇದಿ ಜಾಸ್ತಿಯಾಗಿದ್ದೇ ಅದರಿಂದ.”

ಪುಟ್ಟತಾಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಡಾಕ್ಟರು ಸೊಸೆಯ ಕಡೆ ತಿರುಗಿದರು. “ನೀನಾದ್ರೂ ಬೇಡ ಅನ್ನಬಾರದಿತ್ತೇನಮ್ಮ?”

ಸೊಸೆ ತಲೆ ತಗ್ಗಿಸಿ ಅಂದಳು: “ಇಡೀ ಬೀದಿ ನೋಡ್ತಿತ್ತು ಸಾರ್. ಬೇಡ ಅಂದಿದ್ರೆ ನಮ್ಮತ್ತೆ ಮಾನ ಉಳೀತಿತ್ತಾ?”