ಬಾಗಿಲಿಗೆ ಹಚ್ಚಿದ ವಿಭೂತಿ

ಹೊಸ ಕಾರಿನ ಎಡಬಾಗಿಲ ಅಂಚಿಗೆ ಅಂಬಾರಾಯ ಉಗುರು ಆಡಿಸಿದ. ಪೇಂಟಿನ ಚಕ್ಕೆ ಎದ್ದು ಬಂತು, ಒಳಗೆ ಪುಟ್ಟಿ ಕಂಡಿತು. ಎಲ್ಲೋ ಬಡಿದ ಗಾಡಿಗೆ ಬಣ್ಣ ಬಳಿದು ಹೊಸದೆಂದು ನಿಲ್ಲಿಸಿದ್ದರು! ಅವನ ಮೈ ಉರಿದುಹೋಯಿತು.

"ಗಾಡಿ ನೋಡೂಕಿಂತ ಮೊದಲೇ ಪೂರಾ ರೊಕ್ಕ ಯಾಕ ಕೊಟ್ಟಿ ಯಪ್ಪಾ?" ಎಂದು ಹಲ್ಲು ಕಚ್ಚಿ ಕೇಳಿದ.

"ಮೆಲ್ಲಗ ಮಾತಾಡೋ. ರಮೇಶಕುಮಾರ ನಮ್ಮ ಉಮಾನ ಮೈದುನ. ಮನೀ ಮನಷಾಗ ಅನುಮಾನ ಮಾಡ್ತಾರೇನು?"

ಸೇಡಂ ಷೋರೂಮಿನ ಆ ಮನೀ ಮನಷಾ ಚಾವಿ ಕುಣಿಸುತ್ತ ಬಂದ. "ಏನ್ ಹುಡುಕಾಕತ್ತೀರಿ ಬೀಗರ? ಬಂಗಾರ ಗಿಂಗಾರ ಸಿಕ್ತೇನು?"

ಅಂಬಾರಾಯ ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಉಮಾದೇವಿ ಆರತಿ ತಟ್ಟೆ ಹಿಡಿದು ನಡುವೆ ಬಂದಳು. ಚಕ್ಕೆ ಎದ್ದದ್ದನ್ನು ಅವಳೂ ನೋಡಿದ್ದಳು. ಮೂರು ಬೆರಳು ವಿಭೂತಿಗೆ ಅದ್ದಿ, ಸರಿಯಾಗಿ ಆ ಜಾಗದ ಮೇಲೆ ದಪ್ಪಗೆ ಎಳೆದಳು.

"ಮುಂದ ಬಾನೆಟ್ಟಿಗಿ ಹಚ್ಚವ್ವಾ, ಬಾಗಿಲಿಗ್ಯಾಕ?" ಎಂದು ಅಪ್ಪ ನಕ್ಕ.

"ಇರ್ಲಿ ಬಿಡಪ್ಪಾ, ಎಲ್ಲಾ ಕಡಿ ಹಚ್ಚತೀನಿ" ಎಂದವಳು ತಮ್ಮನ ಕಡೆ ಬಾಗಿ, ಅವನಿಗಷ್ಟೇ ಕೇಳುವಂತೆ ಅಂದಳು: "ಸಂಜೀಕ ನಾ ಅದೇ ಮನಿಗಿ ಹೋಗಬೇಕೋ ತಮ್ಮಾ."

ಅಂಬಾರಾಯ ರಮೇಶನ ಮುಖ ನೋಡದೆ ಕೈ ಚಾಚಿ ಚಾವಿ ಇಸಿದುಕೊಂಡ.