ಸಿಗಡಿಯ ಚಟಪಟ

ಎಂಜಿನ್ ಬಂದ್ ಮಾಡಿಸಿ ವಿಜ್ಞಾನಿ ಸಮುದ್ರದೊಳಗೆ ಮೈಕ್ ಇಳಿಬಿಟ್ಟಳು. ಹನ್ನೊಂದು ಜನ ಊಟಕ್ಕೆ ಕಾಯುತ್ತಿದ್ದರೂ ದೋಣಿಯ ಅಡುಗೆಯವನು ಕುತೂಹಲ ತಡೆಯಲಾರದೆ, ಸೌಟು ಹಿಡಿದೇ ಓಡಿಬಂದು ಹೆಡ್‌ಫೋನ್ ಕಿವಿಗಿಟ್ಟುಕೊಂಡ.

"ಇದೆಂತ ಮಾರಾಯ್ರೆ, ಅಡಿಯಲ್ಲಿ ಯಾರೋ ಫ್ರೈ ಮಾಡ್ತಾ ಇದ್ದಾರಲ್ಲ."

"ಅದು ಸಿಗಡಿ. ಸಾವಿರಾರು ಸೇರಿ ಇಕ್ಕಳದಂಥ ಕಾಲಿನಿಂದ ಚಿಟಿಕೆ ಹೊಡೀತಾವೆ."

"ಜೀವ ಇರುವಾಗ್ಲೂ ಅದೇ ಶಬ್ದವಾ? ನನ್ನ ಬಾಣಲೆಯಲ್ಲಿ ಸಹ ಹೀಗೇ ಹಾಡುವುದು."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂತು.

"ಈಗ ಜೋರಾಯ್ತು ಮೇಡಂ."

"ಹೌದಾ? ದೋಣಿ ತೇಲುತ್ತಾ ಗುಂಪಿನ ಹತ್ತಿರ ಬಂದಿರಬೇಕು, ಕೊಡಿ ಇಲ್ಲಿ."

ಅವಳು ಹೆಡ್‌ಫೋನ್ ಕಿತ್ತುಕೊಂಡಳು. ಅದು ಹೋದ ಮೇಲೂ ಅವನಿಗೆ ಚಟಪಟ ಕೇಳುತ್ತಲೇ ಇತ್ತು. ಈಗ ಸೀದ ವಾಸನೆಯೂ ಬಂತು.