ಬೋರ್ಡೋ ಬಾಟಲಿ

ಹರ್ಷವರ್ಧನ್ ಬಾಟಲಿಯ ಬಿರಡೆಯನ್ನು ಕೂಸಿನ ಕುಲಾವಿ ತೆಗೆಯುವಷ್ಟು ನಾಜೂಕಾಗಿ ತೆಗೆದು, ಮೂಸಿ, ಕಣ್ಣು ಮುಚ್ಚಿದ. ವೆಲ್ಲಿಂಗ್ಟನ್ನಿನಲ್ಲಿ ನಾಲ್ಕು ಶನಿವಾರ ವೈನ್ ತರಗತಿಗೆ ಹೋಗಿ ಕಲಿತದ್ದರಲ್ಲಿ ಕಣ್ಣು ಮುಚ್ಚುವುದೊಂದು ಅವನಿಗೆ ಚೆನ್ನಾಗಿ ಬಂದಿತ್ತು.

ಎದುರಿಗೆ ಕೂತವರು ಹಂಸಾಳ ಅಪ್ಪ ಸಂಗನಬಸಪ್ಪ. ತಿಕೋಟಾದಲ್ಲಿ ಮೂವತ್ತು ವರ್ಷ ದ್ರಾಕ್ಷಿ ಬೆಳೆದವರು. ಮಗಳನ್ನು ಇವನಿಗೆ ಕೊಡುವುದೋ ಬಿಡುವುದೋ ನೋಡಿ ಹೇಳಲೆಂದೇ ವಿಮಾನ ಹತ್ತಿ ವೆಲ್ಲಿಂಗ್ಟನ್ನಿಗೆ ಬಂದಿದ್ದರು. ಒಪ್ಪಿಗೆಯಾದರೆ ಹುಡುಗನ ಬಾಯಿಗೆ ಸಕ್ಕರೆ ಹಾಕುವುದು ಅವರ ಕಡೆಯ ಪದ್ಧತಿ. ಮೇಜಿನ ಮೇಲೆ ಸಕ್ಕರೆ ಬಟ್ಟಲು ಕಾದಿತ್ತು. ‘ಅಪ್ಪ ಕುಡಿಯಂಗಿಲ್ಲ’ ಎಂದು ಹಂಸಾ ಮೊದಲೇ ಹೇಳಿ, ಅವರ ಮುಂದೆ ಚಹಾ ಇಟ್ಟಿದ್ದಳು. ದ್ರಾಕ್ಷಿಯವರಿಗೆ ದ್ರಾಕ್ಷಿಯಿಂದಲೇ ಮರ್ಯಾದೆ ಮಾಡಬೇಕೆಂಬುದು ಇವನ ಹಟ. ಗ್ಲಾಸಿಗೆ ಬಗ್ಗಿಸಿ ಚಹಾದ ಪಕ್ಕಕ್ಕಿಟ್ಟ.

“ಫ್ರಾನ್ಸಿನ ಬೋರ್ಡೋದ್ದು, ಅಂಕಲ್.”

“ಬೋರ್ಡೋ?” ಸಂಗನಬಸಪ್ಪ ಗ್ಲಾಸನ್ನು ದೂರ ಸರಿಸಿದರು. “ಮೈಲುತುತ್ತ, ಸುಣ್ಣ ಕಲಸಿ ರೋಗಕ್ಕ ಬಳ್ಳಿಗಿ ಹೊಡಿತೀವಲ್ರಿ, ಆ ಬೋರ್ಡೋ?”

“ಅದೂ ಅದೇ ಊರಿಂದ ಬಂದಿದ್ದು. ಆದ್ರೆ ತೋಟ ನೋಡ್ಬೇಕು ನೀವು. ಬರೀ ಗರಸು ಕಲ್ಲು. ನೀರು ಹಾಯಿಸೋದೇ ಇಲ್ಲ. ಬಿಟ್ಟ ಗೊಂಚಲಲ್ಲಿ ಅರ್ಧ ಕಿತ್ತು ನೆಲಕ್ಕೆ ಚೆಲ್ತಾರೆ.”

“ಚೆಲ್ಲತಾರ?”

“ಬಳ್ಳಿ ಕಷ್ಟಪಟ್ಟಷ್ಟೂ ರುಚಿ ಅಂಕಲ್.”

ಸಂಗನಬಸಪ್ಪನವರ ಮುಖ ಸಾವಿನ ಮನೆಗೆ ಹೋದವರ ಹಾಗಾಯಿತು. ಗಾಳಿ ಕಿಟಕಿಯನ್ನು ಎರಡು ಸಲ ಅಲುಗಾಡಿಸಿ ಹೋಯಿತು.

“ನಮ್ಮ ಕಡೆ ಅಂಥಾ ಹೊಲ ಇದ್ದಾವಗ ಹೆಣ್ಣು ಕೊಡಂಗಿಲ್ರಿ.”

ಹರ್ಷವರ್ಧನ್ ಜೋರಾಗಿ ನಕ್ಕ. ಪಾವಗಡದಲ್ಲಿ ತನ್ನಪ್ಪನ ಎಂಟೆಕರೆ ಕಲ್ಲುಹೊಲ ನೆನಪಾಗಿ ನಗು ಅರ್ಧಕ್ಕೇ ನಿಂತಿತು. ಗಡಿಬಿಡಿಯಲ್ಲಿ ಬಾಟಲಿ ತಿರುಗಿಸಿ ತೋರಿಸಿದ. “ಇಲ್ಲಿ ನೋಡಿ, ತೊಂಬತ್ತಾರನೇ ಇಸವಿದು. ಈ ವರ್ಷಕ್ಕೆ ಹತ್ತು ವರ್ಷ ಆಯ್ತು ಇಟ್ಟು. ಇದು ಇಟ್ಟಷ್ಟೂ ಚೆನ್ನಾಗಾಗುತ್ತೆ.”

“ಹೌದೇನು?” ಸಂಗನಬಸಪ್ಪ ಬಟ್ಟಲನ್ನು ಹತ್ತಿರ ಎಳೆದುಕೊಂಡು ಚಿಟಿಕೆ ಸಕ್ಕರೆ ತೆಗೆದರು. ಹರ್ಷವರ್ಧನ್ ಬಾಯಿ ತೆರೆದ. ಅವರು ಸಕ್ಕರೆಯನ್ನು ತಮ್ಮ ಚಹಾಕ್ಕೆ ಹಾಕಿ, ನಿಧಾನವಾಗಿ ಕಲಕಿದರು.

“ಹಂಗಾರ ನೀವೂ ಇನ್ನೊಂದು ನಾಕು ವರ್ಷ ಇರ್ರಿ.”

ಹಂಸಾ ಅಪ್ಪನ ಕೈಯಿಂದ ಚಮಚ ತೆಗೆದುಕೊಂಡಳು. ತುಂಬ ಸಕ್ಕರೆ ತೋಡಿ, ಇನ್ನೂ ತೆರೆದೇ ಇದ್ದ ಹರ್ಷವರ್ಧನನ ಬಾಯಿಗೆ ಸುರಿದಳು.

“ಬಿರಡಿ ತಗದ ಮ್ಯಾಲ ಇಡಾಕ ಬರಂಗಿಲ್ಲಪ್ಪ.”